ಅಸಿಟೈಲ್ ಕಣದ ವೃತ್ತಾಂತ

ಎಪ್ಪತ್ತರ ದಶಕದಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಮೈಕೇಲ್ ಬ್ರೌನ್, ಜೋಸೆಫ್ ಗೋಲ್ಡ್‌ಸ್ಟೀನ್ ಎಂಬ ಇಬ್ಬರು ವೈದ್ಯರು ರಕ್ತದ ಕೊಲೆಸ್ಟ್ರಾಲಿನ ಬೆನ್ನು ಹತ್ತಿದ್ದರು. ಅದನ್ನು ಹೊತ್ತು ತಿರುಗುವ ಎಲ್‌ಡಿಎಲ್ ಕಣವನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕವೊಂದು ಜೀವಕೋಶದ ಮೈಮೇಲೆ ಇರುವುದನ್ನು 1974ರ ಹೊತ್ತಿಗೆ ಅವರು ತೋರಿಸಿಕೊಟ್ಟರು. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಪಡೆದ ಕೂಸುಗಳಲ್ಲಿ ಆ ಗ್ರಾಹಕ ಕೆಲಸ ಮಾಡದು. ಅಂಥವರಿಗೆ ಬಾಲ್ಯದಲ್ಲೇ ಹೃದಯಾಘಾತ.

ಅಲ್ಲಿಯೇ ಒಂದು ತೊಡಕು ಎದ್ದಿತು. ಗ್ರಾಹಕವೇ ಇಲ್ಲದ ಮೇಲೆ ಎಲ್‌ಡಿಎಲ್ ಜೀವಕೋಶಗಳ ಹೊರಗೇ ಉಳಿಯಬೇಕಿತ್ತು. ಆದರೆ ಆ ಮಕ್ಕಳ ರಕ್ತನಾಳದ ಗೋಡೆಗಳಲ್ಲಿ ಕಸ ನುಂಗುವ ಮ್ಯಾಕ್ರೊಫೇಜ್ ಕೋಶಗಳು ಕೊಬ್ಬು ತುಂಬಿಕೊಂಡು ನೊರೆಯಂತೆ ಉಬ್ಬಿದ್ದವು. ಪ್ರಯೋಗಾಲಯದಲ್ಲಿ ಅದೇ ಜಾತಿಯ ಕೋಶಗಳ ಮುಂದೆ ಎಲ್‌ಡಿಎಲ್ ಇಟ್ಟರೆ ಅವು ಹೆಚ್ಚೇನೂ ಮುಟ್ಟಲಿಲ್ಲ.

ಇತ್ತ ಬೆಥೆಸ್ಡಾದಲ್ಲಿ ರಾಬರ್ಟ್ ಮಾಹ್ಲಿಯವರ ಬಳಗ ಎಲ್‌ಡಿಎಲ್‌ನ ಪ್ರೋಟೀನನ್ನೇ ರಾಸಾಯನಿಕವಾಗಿ ಮಾರ್ಪಡಿಸಿ ನೋಡುತ್ತಿತ್ತು. 1977ರಲ್ಲಿ ಅದರ ಅಮೈನೊ ಆಮ್ಲಗಳ ಪೈಕಿ ಆರ್ಜಿನೀನ್‌ಗಳು, ಮರುವರ್ಷ ಲೈಸೀನ್‌ಗಳು. ಎರಡರಲ್ಲಿ ಯಾವುದನ್ನು ಮಾರ್ಪಡಿಸಿದರೂ ಗ್ರಾಹಕ ಕಣವನ್ನು ಹಿಡಿಯದಾಯಿತು. ಲೈಸೀನಿನ ತುದಿಯಲ್ಲಿ ಧನವಿದ್ಯುತ್ ಹೊತ್ತ ಅಮೈನೊ ಗುಂಪಿರುತ್ತದೆ. ಅದಕ್ಕೆ ಮೀಥೈಲ್ ಅಂಟಿಸಿದರೆ ಧನವಿದ್ಯುತ್ ಉಳಿಯುತ್ತದೆ, ಆದರೂ ಬಂಧ ಕೂಡದು. ವಿದ್ಯುತ್ತೊಂದೇ ಸಾಲದು, ತುದಿಯ ಆಕಾರವೂ ಇದ್ದ ಹಾಗೇ ಇರಬೇಕು ಎಂಬುದು ಅಲ್ಲಿಗೆ ಖಚಿತವಾಯಿತು. ಆ ಪರ್ವದ ಅತಿ ಜಾಣ ಪ್ರಯೋಗ ಇದೇ ಎಂದು ನನ್ನ ಎಣಿಕೆ.

1979ರಲ್ಲಿ ಡಲ್ಲಾಸಿನವರು ಎಲ್‌ಡಿಎಲ್ ಅನ್ನು ಅಸಿಟಿಕ್ ಅನ್‌ಹೈಡ್ರೈಡ್‌ನೊಡನೆ ಬೆರೆಸಿ ಮ್ಯಾಕ್ರೊಫೇಜ್‌ಗಳ ಮುಂದಿಟ್ಟರು. ಬಂಗಾಳದ ಸಂದೀಪ್ ಕುಮಾರ್ ಬಸು ಆ ಪ್ರಬಂಧದ ಸಹಲೇಖಕರು. ಅಸಿಟೈಲ್ ಅಂಟಿದೊಡನೆ ಲೈಸೀನಿನ ಧನವಿದ್ಯುತ್ ಅಳಿಯಿತು, ಕಣದ ಒಟ್ಟು ಮೈ ಋಣದ ಕಡೆಗೆ ವಾಲಿತು. ಹಳೆಯ ಗ್ರಾಹಕ ಅದನ್ನು ತಿರಸ್ಕರಿಸಿತು. ಮ್ಯಾಕ್ರೊಫೇಜ್‌ಗಳೋ ಹಸಿದ ದನ ಹಿಂಡಿಯ ಬಾನಿಗೆ ಬಾಯಿ ಹಾಕಿದಂತೆ ಅದರ ಮೇಲೆ ಬಿದ್ದವು. ಅವುಗಳ ಮೈಮೇಲೆ ಬೇರೆಯೇ ಒಂದು ಗ್ರಾಹಕವಿತ್ತು. ಅದು ಡೆಕ್ಸ್‌ಟ್ರಾನ್ ಸಲ್ಫೇಟಿನಂಥ ಋಣವಿದ್ಯುತ್ತಿನ ದೊಡ್ಡ ಅಣುಗಳಿಗೂ ಸೋಲುತ್ತಿತ್ತು. ಮುಂದೆ ಅದಕ್ಕೆ ಸ್ಕ್ಯಾವೆಂಜರ್ ಗ್ರಾಹಕವೆಂಬ ಹೆಸರು ನಿಂತಿತು.

ಆದರೆ ಅಸಿಟೈಲ್ ಎಲ್‌ಡಿಎಲ್ ಸೀಸೆಯ ಸೃಷ್ಟಿ, ಮೈಯೊಳಗೆ ಕಂಡದ್ದಲ್ಲ. ಶರೀರದಲ್ಲಿ ಅದರ ಪಾತ್ರ ವಹಿಸುವವರಾರು? ಡೇನಿಯಲ್ ಸ್ಟೈನ್‌ಬರ್ಗ್ ಬಳಗ 1981ರಲ್ಲಿ ರಕ್ತನಾಳದ ಒಳಪದರದ ಕೋಶಗಳೊಡನೆ ಎಲ್‌ಡಿಎಲ್ ಇಟ್ಟು ನೋಡಿತು. ಅದು ತಾನಾಗಿಯೇ ಮಾರ್ಪಟ್ಟು ಮ್ಯಾಕ್ರೊಫೇಜ್‌ಗಳಿಗೆ ರುಚಿಸಿತು. ಕಾರಣ ಉತ್ಕರ್ಷಣವೆಂದು 1984ರಲ್ಲಿ ತಿಳಿಯಿತು: ಕೆಟ್ಟ ಕೊಬ್ಬಿನ ಚೂರುಗಳು ಅದೇ ಲೈಸೀನ್‌ಗಳಿಗೆ ಅಂಟಿಕೊಳ್ಳುತ್ತಿದ್ದವು. ಹಾಗಿದ್ದರೆ ಉತ್ಕರ್ಷಣ ತಡೆದರೆ ಹೃದಯ ಉಳಿದೀತು ಎಂದು ಹಲವರು ವಿಟಮಿನ್ ಇ ನಂಬಿದರು. 2000ದ ದೊಡ್ಡ ಪರೀಕ್ಷೆಯಲ್ಲಿ ಆ ನಂಬಿಕೆ ಫಲಿಸಲಿಲ್ಲ.

ಬಸು ಭಾರತಕ್ಕೆ ಮರಳಿ ಸ್ಕ್ಯಾವೆಂಜರ್ ಗ್ರಾಹಕದ ಗುಣವನ್ನೇ ಮದ್ದಿಗೆ ತಿರುಗಿಸಿದರು. ಲೀಶ್ಮೇನಿಯಾ ಪರಾವಲಂಬಿ ಅಡಗುವುದು ಮ್ಯಾಕ್ರೊಫೇಜ್‌ನೊಳಗೇ. ದನದ ಆಲ್ಬುಮಿನ್ನಿನ ಲೈಸೀನ್‌ಗಳಿಗೆ ಋಣವಿದ್ಯುತ್ತಿನ ಮೇಲಿಯೈಲ್ ಅಂಟಿಸಿ, ಅದಕ್ಕೆ ಮೆಥೊಟ್ರೆಕ್ಸೇಟ್ ಎಂಬ ಮದ್ದು ಜೋಡಿಸಿ ಕೊಟ್ಟಾಗ, ಬರಿಯ ಮದ್ದಿಗಿಂತ ಸುಮಾರು 100 ಪಟ್ಟು ಪ್ರಬಲವಾಗಿ ಅದು ಕೋಶದೊಳಗಿನ ಪರಾವಲಂಬಿಗಳನ್ನು ಕೊಂದಿತು. ಹ್ಯಾಮ್‌ಸ್ಟರ್‌ಗಳ ಪಾದದಲ್ಲಿ ಅದೇ ಪರಾವಲಂಬಿ ಎಬ್ಬಿಸಿದ ಹುಣ್ಣು 11 ದಿನಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಇಳಿಯಿತು. 1989ರಲ್ಲಿ ಅದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ಕ್ಯಾವೆಂಜರ್ ಗ್ರಾಹಕದ ಜೀನನ್ನು ಮಾಂಟಿ ಕ್ರೀಗರ್ ಬಳಗ ಹಿಡಿದದ್ದು ಅದರ ಮರುವರ್ಷ.