ಕೋರ್ಟಿನಲ್ಲಿ ಮುಗಿದ ಸಾಲ, ಸಿಬಿಲ್‌ನಲ್ಲಿ ಉಳಿದ ಸಾಲ

ಮನೆ ಸಾಲಕ್ಕೆ ಅರ್ಜಿ ಹಾಕಿದ್ದ ಪರಿಚಿತರೊಬ್ಬರು ಈಚೆಗೆ ತಮ್ಮ ಸಿಬಿಲ್ ವರದಿಯ ಪ್ರಿಂಟ್ ಹಿಡಿದು ಬಂದರು. ಹಳೆಯ ಕ್ರೆಡಿಟ್ ಕಾರ್ಡ್ ಬಾಕಿಗೆ ಬ್ಯಾಂಕೊಂದು ದಾವೆ ಹೂಡಿತ್ತು. ಲೋಕ ಅದಾಲತ್‌ನಲ್ಲಿ ರಾಜಿಯಾಗಿ, ಒಪ್ಪಿದಷ್ಟು ಹಣ ಕಟ್ಟಿ ನಾಲ್ಕು ವರ್ಷವಾಗಿದೆ. ವರದಿಯಲ್ಲಿ ಮಾತ್ರ ತಿಂಗಳಿಗೊಂದರಂತೆ ಚೌಕಗಳು: ಮೊದಲು 000, ಆಮೇಲೆ 030, 060, 090. ಕಂತು ಎಷ್ಟು ದಿನ ತಪ್ಪಿತು ಎಂಬ ಲೆಕ್ಕ ಅದು. ಅದರ ಜೊತೆಗೆ ಎರಡು ಮುದ್ರೆ: ‘ಸೂಟ್ ಫೈಲ್ಡ್’, ‘ಸೆಟ್ಲ್ಡ್’. "ಕೇಸೇ ಮುಗಿದುಹೋಗಿದೆಯಲ್ಲ ಸಾರ್, ಇದ್ಯಾಕೆ ಇನ್ನೂ ಇದೆ?" ಎಂದರು.

ಈ ಮುದ್ರೆಗಳಿಗೆ ಒಂದು ಚರಿತ್ರೆಯಿದೆ. ಸಾಲಗಾರನ ವಿಷಯ ಬ್ಯಾಂಕು ಬಾಯಿಬಿಡಬಾರದ ಗುಟ್ಟು ಎಂಬುದೇ ನಮ್ಮಲ್ಲಿ ಬಹುಕಾಲದ ಪದ್ಧತಿ. 1962ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿಯಾಗಿ, ಬ್ಯಾಂಕುಗಳಿಂದ ಸಾಲದ ಮಾಹಿತಿ ತರಿಸಿಕೊಳ್ಳುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ಬಂತು. ಅದೂ ಗೋಪ್ಯತೆಯ ಕಟ್ಟಿನೊಳಗೇ. 1994ರಲ್ಲಿ ಒಂದು ಕೋಟಿ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಬಾಕಿಯ ಸುಸ್ತಿದಾರರ ಪಟ್ಟಿ ಮಾಡುವ ಯೋಜನೆ ಬಂದಾಗ ಒಂದು ಜಾಣ ದಾರಿ ಹುಡುಕಿದರು. ದಾವೆ ಹೂಡದ ಖಾತೆಗಳ ಪಟ್ಟಿ ಬ್ಯಾಂಕುಗಳ ನಡುವೆಯೇ ಉಳಿಯಿತು, ದಾವೆ ಹೂಡಿದ ಖಾತೆಗಳದ್ದು ಬಹಿರಂಗವಾಯಿತು. ದಾವೆ ಹೂಡಿದ ಮೇಲೆ ಹೆಸರು ಹೇಗೂ ಕೋರ್ಟಿನ ಕಡತದಲ್ಲಿದೆ, ಇನ್ನು ಗುಟ್ಟೆಲ್ಲಿ? ಸಾಲ ಬೀದಿಗೆ ಬರುವ ಬಾಗಿಲು ಆಗ ಕೋರ್ಟೇ ಆಗಿತ್ತು. 1999ರಲ್ಲಿ ಉದ್ದೇಶಪೂರ್ವಕ ಸುಸ್ತಿದಾರರ ಪಟ್ಟಿಯೂ ಸೇರಿತು. ಅದರ ಮಿತಿ 25 ಲಕ್ಷ. ಹತ್ತು ಸಾವಿರದ ಬಾಕಿದಾರನನ್ನು ಆಗ ಯಾರೂ ಎಣಿಸುತ್ತಿರಲಿಲ್ಲ.

ರಿಸರ್ವ್ ಬ್ಯಾಂಕ್ ನೇಮಿಸಿದ್ದ ಸಿದ್ದಿಕಿ ಸಮಿತಿಯ ಶಿಫಾರಸಿನ ಮೇಲೆ 2000ದಲ್ಲಿ ಸಾಲದ ಮಾಹಿತಿ ಕೂಡಿಡುವ ಕಂಪನಿಯಾಗಿ ಸಿಬಿಲ್ ಹುಟ್ಟಿತು. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆ ಜಾರಿಗೆ ಬಂದಮೇಲೆ ಬ್ಯಾಂಕುಗಳು ಮಾಹಿತಿ ಕೊಡುವುದು ಕಡ್ಡಾಯವಾಯಿತು, 2007ರಲ್ಲಿ ವ್ಯಕ್ತಿಗಳಿಗೂ 300ರಿಂದ 900ರ ಸ್ಕೋರ್ ಬಂತು. 2010ರಲ್ಲಿ ಇನ್ನೂ ಮೂರು ಕಂಪನಿಗಳಿಗೆ ಪರವಾನಗಿ ಸಿಕ್ಕಿತು. 2015ರಲ್ಲಿ ಎಲ್ಲ ಸಾಲದಾತರೂ ನಾಲ್ಕೂ ಕಡೆ ಸದಸ್ಯರಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತು. ಸಣ್ಣ ಬಾಕಿಯೂ ದಾಖಲೆಗೆ ಬಿತ್ತು, ಕೋರ್ಟಿನ ಬಾಗಿಲು ಬೇಕಾಗಲಿಲ್ಲ. ತಮಾಷೆಯೆಂದರೆ, ಸಣ್ಣವರ ಲೆಕ್ಕವೆಲ್ಲ ಹೀಗೆ ದಾಖಲಾಗುತ್ತಿದ್ದಾಗ ದೊಡ್ಡ ಸುಸ್ತಿದಾರರ ಹೆಸರು ಕೇಳಿದವರಿಗೆ ಸಿಗಬೇಕೆನ್ನಲು ಸುಪ್ರೀಂ ಕೋರ್ಟೇ ಬೇಕಾಯಿತು. ಅದು ಅದೇ ವರ್ಷದ ಡಿಸೆಂಬರಿನ ಜಯಂತಿಲಾಲ್ ಮಿಸ್ತ್ರಿ ತೀರ್ಪು.

ಅಮೆರಿಕದಲ್ಲಿ ಸಾಗಿದ ದಾರಿ ಬೇರೆ. ಅಲ್ಲಿನ ಸಾಲ ಮಾಹಿತಿ ಬ್ಯೂರೋಗಳು ಕೋರ್ಟುಗಳ ದಾಖಲೆಯನ್ನೇ ತರಿಸಿ ಡಿಕ್ರಿಗಳನ್ನು ವರದಿಗೆ ಸೇರಿಸುತ್ತಿದ್ದವು. ಒಂದೇ ಹೆಸರಿನ ಇನ್ಯಾರದ್ದೋ ಡಿಕ್ರಿ ತಲೆಗೆ ಅಂಟುವ ದೂರುಗಳು ಹೆಚ್ಚಿ, ರಾಜ್ಯಗಳ ಅಟಾರ್ನಿ ಜನರಲ್‌ಗಳ ಜೊತೆ ಒಪ್ಪಂದವಾಗಿ, 2017ರ ಜುಲೈನಿಂದ ಸಿವಿಲ್ ಡಿಕ್ರಿಗಳು ವರದಿಯಿಂದ ಹೆಚ್ಚೂಕಡಿಮೆ ಮಾಯವಾದವು. ನಮ್ಮಲ್ಲಿ ವರದಿಗೆ ಬರೆಯುವವರು ಸಾಲ ಕೊಟ್ಟವರೇ. ದಾವೆ ಹೂಡಿದಾಗ ಅವರು ‘ಸೂಟ್ ಫೈಲ್ಡ್’ ಎನ್ನುತ್ತಾರೆ. ರಾಜಿಯಾಯಿತೋ, ವಜಾ ಆಯಿತೋ, ಅದನ್ನೂ ಅವರೇ ಬರೆಯಬೇಕು. ಮರೆತರೆ ಕೋರ್ಟಿಗೆ ಗೊತ್ತೂ ಆಗುವುದಿಲ್ಲ.

ಏಳು ವರ್ಷವಾದರೆ ವರದಿಯಿಂದ ಎಲ್ಲ ಅಳಿಸಿಹೋಗುತ್ತದೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅಮೆರಿಕದ 1970ರ ಕಾಯ್ದೆಯಲ್ಲಿ ವಸೂಲಿಗೆ ಹೋದ ಸಾಲಕ್ಕೆ ಏಳು ವರ್ಷ ಗರಿಷ್ಠ ಮಿತಿ. ನಮ್ಮ ನಿಯಮದಲ್ಲಿ ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕೆಂದಿದೆ. ಏಳು ದಾಟಿದ ಕೂಡಲೇ ಅಳಿಸಿಹಾಕಬೇಕೆಂದಿಲ್ಲ. ಕಾಲಮಿತಿ ಕಾಯ್ದೆಯ ಗಡಿಯಾರವಂತೂ ಬೇರೆಯೇ. ಸಾಮಾನ್ಯ ಕೈಸಾಲಕ್ಕೆ ದಾವೆ ಹೂಡಲು ಮೂರು ವರ್ಷ, ಡಿಕ್ರಿ ಅಮಲ್ಜಾರಿಗೆ ಹನ್ನೆರಡು. ಮೂರು ವರ್ಷ ಕಳೆದರೆ ದಾವೆಯ ಹಕ್ಕು ಹೋಗುತ್ತದೆ, ಸಾಲ ಹೋಗುವುದಿಲ್ಲ. ಅದಕ್ಕೇ ಗಡುವು ಮುಗಿಯುವ ಮೊದಲು ವಸೂಲಿಯವರು "ಒಂದು ಸಾವಿರ ಆದರೂ ಕಟ್ಟಿ ಸಾರ್" ಎಂದು ಬೆನ್ನುಬೀಳುವುದು: ಅಷ್ಟು ಕಟ್ಟಿದ್ದಕ್ಕೆ ಬರವಣಿಗೆಯ ಗುರುತಿದ್ದರೆ ಮೂರು ವರ್ಷ ಮೊದಲಿನಿಂದ ಶುರು.

ಈಚೆಗೆ ಸಾಲಗಾರನ ಕಡೆಗೂ ಸ್ವಲ್ಪ ಗಾಳಿ ಬೀಸಿದೆ. ದೂರು ಕೊಟ್ಟ 30 ದಿನದಲ್ಲಿ ವರದಿಯ ತಪ್ಪು ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು 2023ರಲ್ಲಿ ರಿಸರ್ವ್ ಬ್ಯಾಂಕಿನ ಆದೇಶವಾಯಿತು. 2025ರ ಜನವರಿಯಿಂದ ಬ್ಯಾಂಕುಗಳು ತಿಂಗಳ ಬದಲು ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕೆಂಬ ನಿಯಮ ಬಂತು.

ನಮ್ಮ ಪರಿಚಿತರು ಅದಾಲತ್‌ನ ಆದೇಶದ ಪ್ರತಿ ಲಗತ್ತಿಸಿ ದೂರು ಕೊಟ್ಟರು. ಮೂರು ವಾರಕ್ಕೆ ‘ಸೂಟ್ ಫೈಲ್ಡ್’ ಹೋಯಿತು. ‘ಸೆಟ್ಲ್ಡ್’ ಉಳಿಯಿತು. ಅದಾಲತ್‌ನ ಆದೇಶ ಸಿವಿಲ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲೂ ಇಲ್ಲ. ಆದರೆ ಬ್ಯಾಂಕಿನ ಭಾಷೆಯಲ್ಲಿ ರಾಜಿಯೆಂದರೆ ಪೂರ್ತಿ ಕಟ್ಟಲಿಲ್ಲ ಎಂದೇ ಅರ್ಥ. ‘ಕ್ಲೋಸ್ಡ್’ ಎಂದು ಬದಲಾಗಬೇಕಾದರೆ ಅಂದು ಬಿಟ್ಟುಕೊಟ್ಟ ಮೊತ್ತವನ್ನೂ ಕಟ್ಟಿ ಎಂದು ಬ್ಯಾಂಕಿನಿಂದ ಉತ್ತರ ಬಂದಿದೆ. ಅವರೀಗ ಆ ಮೊತ್ತವನ್ನು ಒಂದು ಕಡೆ, ಮನೆ ಸಾಲಕ್ಕೆ ಹೆಚ್ಚಾಗಿ ತೆರಬೇಕಾದ ಬಡ್ಡಿಯನ್ನು ಇನ್ನೊಂದು ಕಡೆ ಬರೆದುಕೊಂಡು ಕೂತಿದ್ದಾರೆ.