ಹೆಸರಿಲ್ಲದ ಮೂರನೆಯವನು

ಕಾರು ಕೊಂಡವನ ಉತ್ಸಾಹಕ್ಕೆ ಮೊದಲು ತಣ್ಣೀರೆರಚುವುದು ಕಚೇರಿಯ ಕಾಗದಪತ್ರಗಳು. ಹಣ ತೆತ್ತಾಯಿತು, ಕೀಲಿಕೈ ಬಂತು, ಆದರೂ ವಿಮೆಯ ದಾಖಲೆ ಇಲ್ಲದೆ ಗಾಡಿ ಬೀದಿಗಿಳಿಯುವಂತಿಲ್ಲ. ತೆರಿಗೆ ಸರ್ಕಾರಕ್ಕೆ ಸಲ್ಲುವುದು, ವಿಮೆಯ ಕಂತು ಕಂಪನಿಗೆ ಸಲ್ಲುವುದು. ಒಂದಕ್ಕೂ ಇನ್ನೊಂದಕ್ಕೂ ಗಂಟು ಹಾಕಿದವರು ಯಾರು, ಏಕೆ? ಇದನ್ನು ಹುಡುಕುತ್ತ ಹೋದ ನನಗೆ ಗಂಟಿನ ತುದಿ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ.

ಅಲ್ಲಿ ಮೋಟಾರುಗಳಿಗೆ ನಂಬರು ಕಡ್ಡಾಯವಾದದ್ದು 1904ರಲ್ಲಿ. 1921ರ ಜನವರಿ 1ರಿಂದ ತೆರಿಗೆ ಕೊಟ್ಟವರಿಗೆಲ್ಲ ಒಂದು ದುಂಡನೆಯ ಕಾಗದದ ಬಿಲ್ಲೆ ಕೊಡತೊಡಗಿದರು. ಅದನ್ನು ಗಾಡಿಯ ಮೇಲೆ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ಸರ್ಕಾರದ ಬಾಕಿ ಹೀಗೆ ಭದ್ರವಾಯಿತು. ಗಾಡಿಗೆ ಸಿಕ್ಕಿ ಕಾಲು ಮುರಿದುಕೊಂಡ ದಾರಿಹೋಕನ ಬಾಕಿ ಯಾರದು ಎಂದು ಮಾತ್ರ ಯಾರೂ ಕೇಳಲಿಲ್ಲ. ಅವನು ಕೋರ್ಟಿಗೆ ಹೋಗಬಹುದು, ಗೆಲ್ಲಲೂಬಹುದು. ಆದರೆ ಗಾಡಿಯವನ ಬಳಿ ಕಾಸಿಲ್ಲದಿದ್ದರೆ ಆ ಡಿಕ್ರಿಯನ್ನು ಉಪ್ಪು ಹಾಕಿ ನೆಕ್ಕಬೇಕಷ್ಟೆ.

1930ರ ಒಂದೇ ವರ್ಷದಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 7,000ಕ್ಕೂ ಹೆಚ್ಚು. ಅದೇ ವರ್ಷ ಪಾರ್ಲಿಮೆಂಟು ರಸ್ತೆ ಸಂಚಾರ ಕಾಯಿದೆಯನ್ನು ಅಂಗೀಕರಿಸಿತು. ವಿಚಿತ್ರವೆಂದರೆ, ಕಾರುಗಳಿಗಿದ್ದ ಗಂಟೆಗೆ 20 ಮೈಲಿಯ ಮಿತಿಯನ್ನು ತೆಗೆದುಹಾಕಿದ್ದೂ ಇದೇ ಕಾಯಿದೆ, ಮೂರನೆಯವರ ಹಾನಿಗೆ ವಿಮೆಯನ್ನು ಕಡ್ಡಾಯಮಾಡಿದ್ದೂ ಇದೇ. ಕೊಟ್ಟವನು ಒಬ್ಬ, ಕೊಂಡವನು ಇನ್ನೊಬ್ಬ. ಈ ಕರಾರಿನಲ್ಲಿ ಪಾಲಿಲ್ಲದ ದಾರಿಹೋಕನೇ ಮೂರನೆಯವನು.

ಕಾಯಿದೆ ಮಾಡುವುದು ಸುಲಭ, ನಡೆಸುವುದು ಕಷ್ಟ. ಓಡುವ ಗಾಡಿಯನ್ನೆಲ್ಲ ತಡೆದು ಕೇಳಲು ಎಷ್ಟು ಜನ ಪೋಲೀಸರು ಬೇಕು? ಆದರೆ ಗಾಡಿಯ ಯಜಮಾನ ತಾನಾಗಿಯೇ ಬಂದು ನಿಲ್ಲುವ ಜಾಗ ಒಂದಿತ್ತು: ತೆರಿಗೆಯ ಕಿಟಕಿ. ವಿಮೆಯ ಸರ್ಟಿಫಿಕೇಟು ತೋರಿಸದಿದ್ದರೆ ಬಿಲ್ಲೆ ಇಲ್ಲ ಎಂದುಬಿಟ್ಟರೆ ಕೆಲಸ ಮುಗಿಯಿತು! ಬರಿಯ ಪಾಲಿಸಿ ಸಾಲದು. ಸರ್ಟಿಫಿಕೇಟು ಕೈಸೇರುವವರೆಗೆ ಪಾಲಿಸಿಗೆ ಕಾಯಿದೆಯ ಕಣ್ಣಿನಲ್ಲಿ ಬೆಲೆಯಿಲ್ಲ. ಅಂದೇ ಕಾರು ಕೊಂಡವನಿಗೆ ಕಂಪನಿಯ ತಾತ್ಕಾಲಿಕ ಚೀಟಿ, ಅಂದರೆ 'ಕವರ್ ನೋಟ್', ಆಸರೆ.

ಆಮೇಲೂ ಸಂದುಗಳು ಉಳಿದವು. ಗಿರಾಕಿಯ ತಪ್ಪನ್ನು ಮುಂದೊಡ್ಡಿ ಕಂಪನಿಗಳು ಕೈಕೊಡವುವುದಕ್ಕೆ 1934ರ ಕಾಯಿದೆ ಬಹುಮಟ್ಟಿಗೆ ತಡೆಹಾಕಿತು. ವಿಮೆಯೇ ಇಲ್ಲದವನಿಂದ ಗಾಯಗೊಂಡವರಿಗಾಗಿ 1946ರಲ್ಲಿ ವಿಮಾದಾರರೇ ಸೇರಿ ಒಂದು ಸಂಸ್ಥೆ ಕಟ್ಟಿದರು.

ಅದೇ 1946ರ ಜುಲೈ 1ರಂದು ಬ್ರಿಟಿಷ್ ಇಂಡಿಯಾದಲ್ಲೂ 1939ರ ಮೋಟಾರು ವಾಹನ ಕಾಯಿದೆಯ ವಿಮಾ ಅಧ್ಯಾಯ ಜಾರಿಗೆ ಬಂತು. ಅದಕ್ಕೆ ಮಾದರಿ ಇಂಗ್ಲಿಷ್ ಕಾಯಿದೆಯೇ. 1988ರ ಕಾಯಿದೆಯೂ ಕಡ್ಡಾಯವನ್ನು ಉಳಿಸಿಕೊಂಡಿತು. ಹೊಸ ಗಾಡಿಯ ನೋಂದಣಿಗೆ ವಿಮೆಯ ಸರ್ಟಿಫಿಕೇಟು ಲಗತ್ತಿಸಬೇಕೆಂದು 1989ರ ನಿಯಮಗಳು ಹೇಳುತ್ತವೆ. ಮೊದಲ ವರ್ಷ ಕಳೆದ ಮೇಲೆ ವಿಮೆಯನ್ನು ಮರೆಯುವವರು ಬಹಳ. ಆದ್ದರಿಂದ ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ, ಎರಡು ಚಕ್ರದ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಗೇ ಮಾಡಿಸಬೇಕಾಯಿತು.

ಇಂಗ್ಲೆಂಡಿನಲ್ಲಿ ಈಗ ಆ ಕಿಟಕಿಯ ಪ್ರಶ್ನೆಯೇ ನಿಂತಿದೆ. ವಿಮೆಯ ಲೆಕ್ಕವನ್ನು ಕಂಪ್ಯೂಟರು ಇಡುವುದರಿಂದ 2013ರ ಡಿಸೆಂಬರಿನಲ್ಲಿ ಸರ್ಟಿಫಿಕೇಟು ತೋರಿಸುವ ಕಟ್ಟಳೆ ಹೋಯಿತು. 2014ರ ಅಕ್ಟೋಬರ್ 1ರಂದು ಬಿಲ್ಲೆಯೂ ಹೋಯಿತು. ವಿಮೆಯ ಕಡ್ಡಾಯ ಮಾತ್ರ ಹೋಗಲಿಲ್ಲ.

ವಿಮೆಯ ಕಂತು ಕಟ್ಟುವಾಗ ಅದು ದಂಡವೆಂದು ಗೊಣಗುವವರನ್ನು ನಾನು ಬಹಳ ಕಂಡಿದ್ದೇನೆ. ಆ ಸರ್ಟಿಫಿಕೇಟಿನಲ್ಲಿ ಗಾಡಿಯ ನಂಬರಿದೆ, ಯಜಮಾನನ ಹೆಸರಿದೆ. ಯಾರಿಗಾಗಿ ಇಷ್ಟೆಲ್ಲ ನಡೆಯಿತೋ ಅವನ ಹೆಸರಿಲ್ಲ. ಅವನು ಯಾರಾದರೂ ಆಗಬಹುದು. ಕಾರಿನಿಂದಿಳಿದು ರಸ್ತೆ ದಾಟುವಾಗ ನಾವೇ ಆಗಬಹುದು.