ಅಲೆಯಂತೆ ಹರಿಯುವ ಅನ್ನ: ಅಡ್ಯಾರಿನಿಂದ ಇಟಲಿಯ ಗದ್ದೆಯವರೆಗೆ



ಈ ಸಲ ನಮ್ಮ ಪುಟದಲ್ಲಿ ಅನ್ನದ ವಿಷಯ. "ಮೂರು ಹೊತ್ತೂ ಅನ್ನ ಉಣ್ಣುವ ನಮಗೆ ಅದರಲ್ಲಿ ಹೊಸದೇನು ಹೇಳುತ್ತೀರಿ?" ಎಂದು ನಗಬೇಡಿ. ಇದು ಇಟಲಿಯ ಅನ್ನ. ಅಡ್ಯಾರಿನಲ್ಲೋ ಪಕ್ಕದ ಬೆಸಂಟ್ ನಗರದಲ್ಲೋ ಸ್ವಲ್ಪ ದೊಡ್ಡ ಹೋಟೆಲಿಗೆ ಹೋಗಿ ಮೆನು ಕಾರ್ಡ್ ತೆರೆದರೆ ಪಿಜ್ಜಾ, ಪಾಸ್ತಾಗಳ ಕೆಳಗೆ 'ರಿಸೊಟ್ಟೊ' ಎಂಬ ಹೆಸರು ಕಾಣುತ್ತದೆ. ಮಕ್ಕಳು ಆಸೆಯಿಂದ ತರಿಸುತ್ತಾರೆ. ತಟ್ಟೆ ಬಂದಾಗ ಜೊತೆಯಲ್ಲಿರುವ ಅಜ್ಜಿ ಇಣುಕಿ ನೋಡಿ, "ಅಯ್ಯೋ, ಅನ್ನ ಮುದ್ದೆ ಮಾಡಿಬಿಟ್ಟಿದ್ದಾರಲ್ಲ, ಇದಕ್ಕೆ ಇಷ್ಟು ದುಡ್ಡೇ?" ಅನ್ನುತ್ತಾರೆ. ಮಕ್ಕಳಿಗೆ ಅದು ವಿದೇಶದ ತಿಂಡಿ, ಅಜ್ಜಿಗೆ ಕೆಟ್ಟ ಅನ್ನ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ಚರಿತ್ರೆಯಲ್ಲಿ ಹುಡುಕೋಣ ಬನ್ನಿ.

ಅಡ್ಯಾರಿಗೂ ಇಟಲಿಗೂ ಒಂದು ಹಳೆಯ ನಂಟಿದೆ, ಅಲ್ಲಿಂದಲೇ ಶುರು ಮಾಡೋಣ. ನದಿಯ ದಕ್ಷಿಣ ದಡದಲ್ಲಿರುವ ಥಿಯೊಸಾಫಿಕಲ್ ಸೊಸೈಟಿಯ ತೋಟವನ್ನು ನೀವು ನೋಡಿಯೇ ಇರುತ್ತೀರಿ. 1882ರಿಂದ ಆ ಸಂಸ್ಥೆಯ ಮುಖ್ಯ ಕಚೇರಿ ಅಲ್ಲಿದೆ. 1939ರ ಕೊನೆಯಲ್ಲಿ, ಆಗಿನ ಅಧ್ಯಕ್ಷ ಜಾರ್ಜ್ ಅರುಂಡೇಲ್ ಮತ್ತು ಅವರ ಪತ್ನಿ ರುಕ್ಮಿಣಿ ದೇವಿಯವರ ಕರೆಗೆ ಓಗೊಟ್ಟು ಇಟಲಿಯ ಮಾರಿಯಾ ಮಾಂಟೆಸ್ಸರಿ ಇಲ್ಲಿಗೆ ಬಂದರು. ಶಿಕ್ಷಕರಿಗೆ ತರಬೇತಿ ಕೊಟ್ಟು ಕೆಲವು ತಿಂಗಳಲ್ಲಿ ಮರಳುವ ಯೋಚನೆ ಅವರದು. ಆದರೆ 1940ರ ಜೂನ್ 10ರಂದು ಇಟಲಿ ಯುದ್ಧಕ್ಕೆ ಇಳಿಯಿತು. ಬ್ರಿಟಿಷ್ ಸರ್ಕಾರದ ಲೆಕ್ಕದಲ್ಲಿ, ಅದುವರೆಗೆ ಅತಿಥಿಯಾಗಿದ್ದ ಹಿರಿಯ ಹೆಂಗಸು ಒಂದೇ ದಿನದಲ್ಲಿ ಶತ್ರು ದೇಶದ ಪ್ರಜೆಯಾದರು. ಅವರು ತೋಟದ ಆವರಣ ಬಿಟ್ಟು ಹೋಗದಂತೆ ನಿರ್ಬಂಧ ಬಿತ್ತು. ಮಗ ಮಾರಿಯೋ ಅವರನ್ನು ಅಹಮದ್‌ನಗರದ ಶಿಬಿರದಲ್ಲಿ ಇಟ್ಟರು. ಆಗಸ್ಟ್ 31ಕ್ಕೆ ತಾಯಿಗೆ 70 ವರ್ಷ ತುಂಬಿದಾಗ, ಹುಟ್ಟುಹಬ್ಬದ ಉಡುಗೊರೆಯಾಗಿ ವೈಸ್‌ರಾಯ್ ಮಗನನ್ನು ಬಿಡಿಸಿ ಕಳಿಸಿದರು. ತಾಯಿ ಮಗ ಇಬ್ಬರೂ 1946ರವರೆಗೆ ಭಾರತದಲ್ಲೇ ಉಳಿದರು.

ಯುದ್ಧ ಸಾರಿದ ದಿನವೂ ಅಡ್ಯಾರ್ ಅವರನ್ನು ಹೊರಗೆ ಹಾಕಲಿಲ್ಲ. ಪಾಠ ನಡೆಯಿತು, ಊಟ ನಡೆಯಿತು. ಹೊರಗಿನವರು ಯಾರು, ಒಳಗಿನವರು ಯಾರು ಎಂಬ ಪ್ರಶ್ನೆ ಚೆನ್ನೈನಲ್ಲಿ ಬಾಳುವ ಕನ್ನಡಿಗರಾದ ನಮಗೂ ಹೊಸದಲ್ಲ. ಕಾವೇರಿಯ ಸುದ್ದಿ ಪತ್ರಿಕೆಯ ಮೊದಲ ಪುಟಕ್ಕೆ ಬಂದ ವಾರ ಅದು ಮೆಲ್ಲನೆ ಮನೆಯೊಳಗೂ ಬಂದು ಕೂರುತ್ತದೆ, ಅಲ್ಲವೇ? ಮಾಂಟೆಸ್ಸರಿಯವರ ನಾಡಿನ ಅನ್ನಕ್ಕೂ ಒಂದು ಕಾಲದಲ್ಲಿ ಇದೇ ಪ್ರಶ್ನೆ ಎದುರಾಗಿತ್ತು.

ಹೊರಗಿನಿಂದ ಬಂದ ಭತ್ತ

ಇಟಲಿ ಎಂದರೆ ಗೋಧಿಯ ನಾಡು. ಹಳೆಯ ರೋಮಿನವರಿಗೆ ಅಕ್ಕಿ ಗೊತ್ತಿತ್ತು, ಆದರೆ ಔಷಧಿಯ ಅಂಗಡಿಯ ಸಾಮಾನಾಗಿ. ಹೊಟ್ಟೆ ಕೆಟ್ಟಾಗ ಗಂಜಿಗೆ, ಅಷ್ಟೇ. ಭತ್ತದ ಬೇಸಾಯವನ್ನು ಮೆಡಿಟರೇನಿಯನ್ ಸಮುದ್ರದ ಸುತ್ತ ಹಬ್ಬಿಸಿದವರು ಅರಬರು. ಉತ್ತರ ಇಟಲಿಯ ಪೊ ನದಿಯ ಬಯಲಿಗೆ ಅದು ಬಂದದ್ದು 15ನೇ ಶತಮಾನದಲ್ಲಿ. ಮಿಲಾನಿನ ದೊರೆ ಗಲೆಯಾತ್ಸೊ ಮಾರಿಯಾ ಸ್ಫೋರ್ತ್ಸಾ 1475ರಲ್ಲಿ ಫೆರಾರಾದ ದೊರೆಗೆ ಬಿತ್ತನೆಯ ಭತ್ತ ಕೊಡುವ ವಿಷಯವಾಗಿ ಬರೆದ ಪತ್ರವೇ ಈ ಕಥೆಯ ಮೊದಲ ದೊಡ್ಡ ಸಾಕ್ಷಿ. ಅಂದರೆ ನಾವು 'ಇಟಲಿಯ ಸಂಪ್ರದಾಯ' ಎಂದು ಕರೆಯುವ ಈ ಅನ್ನದ ವಯಸ್ಸು ಹೆಚ್ಚೆಂದರೆ ಐನೂರೈವತ್ತು ವರ್ಷ.

ಬಂದ ಅತಿಥಿಗೆ ಸ್ವಾಗತವೂ ಸಲೀಸಾಗಿರಲಿಲ್ಲ. ಗದ್ದೆಯಲ್ಲಿ ನೀರು ನಿಂತರೆ ಸೊಳ್ಳೆ, ಸೊಳ್ಳೆಯಿಂದ ಮಲೇರಿಯಾ. ಸೊಳ್ಳೆಯ ಪಾತ್ರ ಆಗಿನವರಿಗೆ ತಿಳಿದಿರಲಿಲ್ಲ, ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂದೇ ನಂಬಿದ್ದರು. 'ಮಲೇರಿಯಾ' ಎಂಬ ಇಟಲಿಯ ಮಾತಿನ ಅರ್ಥವೇ 'ಕೆಟ್ಟ ಗಾಳಿ'. ಹೀಗಾಗಿ ಊರುಗಳ ಹತ್ತಿರ ಭತ್ತ ಬೆಳೆಯಬಾರದೆಂದು ಆಳುವವರು ಮತ್ತೆ ಮತ್ತೆ ಕಟ್ಟಳೆ ಮಾಡಿದರು. ಆದರೂ ಭತ್ತ ನಿಂತಿತು, ಏಕೆಂದರೆ ಅದರಲ್ಲಿ ದುಡ್ಡಿತ್ತು. ಕೊನೆಗೆ ಅದನ್ನು ಹೊರಗೆ ಬಿಡದಂತೆ ಕಾಯುವ ಕಾಲವೂ ಬಂತು. ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ 1787ರಲ್ಲಿ ಪಿಯೆಮೊಂತೆ ಸೀಮೆಗೆ ಹೋದಾಗ, ನಿಷೇಧವಿದ್ದ ಆ ಭತ್ತವನ್ನು ಕೋಟಿನ ಜೇಬಿನಲ್ಲಿ ತುಂಬಿಕೊಂಡು ಗಡಿ ದಾಟಿದರು!

1839ರಲ್ಲಿ ಕಲ್ಲೇರಿ ಎಂಬ ಪಾದ್ರಿ ಫಿಲಿಪೈನ್ಸ್ ಕಡೆಯಿಂದ 43 ತಳಿಗಳ ಬೀಜ ತಂದರು. ರೋಗಕ್ಕೆ ತುತ್ತಾಗಿದ್ದ ಇಟಲಿಯ ಹಳೆಯ ತಳಿಗೆ ಏಷ್ಯಾದ ಹೊಸ ನೆಂಟರು ಸಿಕ್ಕರು. 1863ರಿಂದ 1866ರ ಒಳಗೆ, ಪೊ ನದಿಯ ನೀರನ್ನು ಸುಮಾರು 85 ಕಿಲೋಮೀಟರ್ ದೂರ ಒಯ್ಯುವ ಕಾವೂರ್ ನಾಲೆ ಸಿದ್ಧವಾಯಿತು. ವೆರ್ಚೆಲ್ಲಿ, ನೊವಾರಾ ಜಿಲ್ಲೆಗಳು ಯುರೋಪಿನ ಅಕ್ಕಿಯ ಕಣಜವಾದವು. ಕನ್ನಂಬಾಡಿ ಕಟ್ಟೆ, ಅದರಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ರಾಗಿ ಬೆಳೆಯುತ್ತಿದ್ದ ಮಂಡ್ಯ ಸೀಮೆಗೆ ಭತ್ತ, ಕಬ್ಬು ತಂದ ಕಥೆ ನಮಗೆ ಗೊತ್ತೇ ಇದೆ. ಅಲ್ಲಿ ಕಾವೂರ್ ನಾಲೆ ಮಾಡಿದ್ದೂ ಅದೇ ಕೆಲಸ.

ಮಂಡಿಯುದ್ದ ನೀರಿನಲ್ಲಿ ನಿಂತವರು

ತಟ್ಟೆಯಲ್ಲಿ ಕೆನೆಯಂತೆ ಹೊಳೆಯುವ ಈ ಅನ್ನದ ಹಿಂದೆ ಬಾಗಿದ ಬೆನ್ನುಗಳ ಸಾಲೊಂದಿದೆ. ಇಟಲಿಯ ಗದ್ದೆಗಳಲ್ಲಿ ಕಳೆ ಕೀಳಲು, ಆಮೇಲೆ ನಾಟಿ ಮಾಡಲು ಪ್ರತಿ ವರ್ಷ ಮೇ ಕೊನೆಯಿಂದ ಜುಲೈವರೆಗೆ ಸಾವಿರಾರು ಹೆಂಗಸರು ಬರುತ್ತಿದ್ದರು. ಅವರನ್ನು 'ಮೊಂದಿನೆ' ಎನ್ನುತ್ತಿದ್ದರು, ಅಂದರೆ ಕಳೆ ಕೀಳುವವರು. ಹಲವರು ದೂರದ ಸೀಮೆಗಳಿಂದ ರೈಲಿನಲ್ಲಿ ಬಂದು, ಕೊಟ್ಟಿಗೆಯಂಥ ಕೋಣೆಗಳಲ್ಲಿ ಮಲಗಿ, ಸುಮಾರು ನಲವತ್ತು ದಿನ ಮಂಡಿಯುದ್ದ ನೀರಿನಲ್ಲಿ ದುಡಿದು ಹೋಗುತ್ತಿದ್ದರು. ಸ್ಥಳೀಯರ ಬಾಯಲ್ಲಿ ಅವರು 'ಹೊರಗಿನವರು'.

ಇಡೀ ಇಟಲಿಗೆ ಎಂಟು ಗಂಟೆಯ ದುಡಿಮೆ ಇನ್ನೂ ಕನಸಾಗಿದ್ದಾಗ, 1906ರಲ್ಲಿ ವೆರ್ಚೆಲ್ಲಿಯಲ್ಲಿ ಈ ಹೆಂಗಸರು ಮುಷ್ಕರ ಹೂಡಿ ಅದನ್ನು ಕೇಳಿದರು. ರೈಲಿನ ಹಳಿಗಳ ಮೇಲೆ ಕೂತರು, ಹಾಡಿದರು, ಗೆದ್ದರು. ಮರುವರ್ಷ ಜನವರಿಯಲ್ಲಿ ಮಾಂಟೆಸ್ಸರಿ ರೋಮಿನ ಬಡವರ ಕೇರಿ ಸಾನ್ ಲೊರೆಂತ್ಸೊದಲ್ಲಿ ತಮ್ಮ ಮೊದಲ 'ಮಕ್ಕಳ ಮನೆ' ತೆರೆದರು. ಅಲ್ಲಿ ಮಕ್ಕಳೇ ಮೇಜು ಜೋಡಿಸಿ, ಮಕ್ಕಳೇ ಊಟ ಬಡಿಸುತ್ತಿದ್ದರು. ಕೈಯ ಕೆಲಸಕ್ಕೆ ಮರ್ಯಾದೆ ಬೇಕೆಂಬ ಮಾತು ಗದ್ದೆಯಲ್ಲೂ ಶಾಲೆಯಲ್ಲೂ ಒಂದೇ ಕಾಲಕ್ಕೆ ಕೇಳಿತು ನೋಡಿ.

ಗದ್ದೆಯ ಹೆಂಗಸರ ಬಾಳನ್ನು ಜಗತ್ತಿಗೆ ತೋರಿಸಿದ್ದು 1949ರ 'ರಿಸೊ ಅಮಾರೊ' ಎಂಬ ಚಿತ್ರ. ಜುಸೆಪ್ಪೆ ದೆ ಸಾಂತಿಸ್ ಅದರ ನಿರ್ದೇಶಕರು, ಸಿಲ್ವಾನಾ ಮಂಗಾನೊ ನಾಯಕಿ. ಇಟಲಿಯ ಭಾಷೆಯಲ್ಲಿ 'ರಿಸೊ' ಎಂದರೆ ಅಕ್ಕಿ ಎಂದೂ ಹೌದು, ನಗು ಎಂದೂ ಹೌದು. ಹಾಗಾಗಿ ಹೆಸರಿಗೆ ಎರಡರ್ಥ: ಕಹಿಯಾದ ಅಕ್ಕಿ, ಕಹಿಯಾದ ನಗು. ಮುಂದೆ ಕಳೆನಾಶಕ ಔಷಧಿಗಳೂ ಯಂತ್ರಗಳೂ ಬಂದು ಆ ಕೆಲಸವೇ ಇಲ್ಲದಾಯಿತು. ಅವರ ಹಾಡುಗಳು ಮಾತ್ರ ಉಳಿದಿವೆ.

ಬೇಯಿಸುವ ಬಗೆ ಹುಟ್ಟಿದ್ದು ಹೇಗೆ?

ಮೊದಮೊದಲು ಇಟಲಿಯವರೂ ಅಕ್ಕಿಯನ್ನು ಸಾರಿನಲ್ಲೋ ಹಾಲಿನಲ್ಲೋ ಸುಮ್ಮನೆ ಬೇಯಿಸುತ್ತಿದ್ದರು. ಅಕ್ಕಿಯನ್ನು ಮೊದಲು ಬೆಣ್ಣೆಯಲ್ಲಿ ಹುರಿದು, ಆಮೇಲೆ ಬಿಸಿ ಸಾರನ್ನು ಸ್ವಲ್ಪಸ್ವಲ್ಪವೇ ಹಾಕುವ ಕ್ರಮ ಮಿಲಾನಿನ ಅಡಿಗೆ ಪುಸ್ತಕಗಳಲ್ಲಿ ನೆಲೆಯಾದದ್ದು 19ನೇ ಶತಮಾನದ ಮೊದಲ ದಶಕಗಳಲ್ಲಿ. ಫೆಲಿಚೆ ಲುರಾಸ್ಕಿ ಎಂಬ ಬಾಣಸಿಗರ 1829ರ ಪುಸ್ತಕದಲ್ಲಿ ಕೇಸರಿ ಹಾಕಿದ ಹಳದಿ 'ಮಿಲಾನ್ ರಿಸೊಟ್ಟೊ' ಇದೆ. 1574ರಲ್ಲಿ ಮಿಲಾನಿನ ದೊಡ್ಡ ಚರ್ಚಿನ ಗಾಜಿನ ಕೆಲಸಗಾರನೊಬ್ಬ ಮದುವೆಯೂಟದ ಅನ್ನಕ್ಕೆ ಕೇಸರಿ ಬಣ್ಣ ಬೆರೆಸಿದ ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದು ಕೇಳಲು ಚೆಂದ, ಆದರೆ ದಂತಕಥೆ.

ಈ ಕ್ರಮದ ಗುಟ್ಟು ಗಂಜಿಯಲ್ಲಿದೆ. ನಾವು ಅಕ್ಕಿಯನ್ನು ಎರಡು ಮೂರು ಸಲ ತೊಳೆಯುತ್ತೇವೆ, ಗಂಜಿ ಬಸಿಯುತ್ತೇವೆ, ಅಗುಳು ಅಗುಳಾಗಿ ಉದುರಬೇಕು ಅನ್ನುತ್ತೇವೆ. ಅವರು ಅಕ್ಕಿ ತೊಳೆಯುವುದೇ ಇಲ್ಲ. ಕಾಳಿನ ಮೇಲಿನ ಹಿಟ್ಟಿನಂಶ ಸಾರಿನಲ್ಲಿ ಕರಗಿ ಕೆನೆಯಾಗಬೇಕು, ಕಾಳಿನ ನಡು ಮಾತ್ರ ಹಲ್ಲಿಗೆ ತಾಕುವಷ್ಟು ಗಟ್ಟಿ ಉಳಿಯಬೇಕು. ಇದಕ್ಕೆ ತಕ್ಕ ದಪ್ಪ ಕಾಳಿನ ತಳಿಗಳನ್ನು ಅವರು ಬೆಳೆಸಿಕೊಂಡರು. ವಿಯಾಲೋನೆ ನಾನೊ 1937ರದು, ಕಾರ್ನರೋಲಿ 1945ರದು, ಅರ್ಬೊರಿಯೊ 1946ರದು. ಇಂದು ಅಂಗಡಿಯಲ್ಲಿ 'ಪರಂಪರೆ'ಯ ಹೆಸರಿನಲ್ಲಿ ಮಾರುವ ಅರ್ಬೊರಿಯೊ ಅಕ್ಕಿ ನಮ್ಮ ದೇಶದ ಸ್ವಾತಂತ್ರ್ಯಕ್ಕಿಂತ ಒಂದೇ ವರ್ಷ ದೊಡ್ಡದು!

ಸರಿಯಾಗಿ ಆದ ರಿಸೊಟ್ಟೊ ತಟ್ಟೆ ಓರೆ ಮಾಡಿದರೆ ಅಲೆಯಂತೆ ಹರಿಯಬೇಕು ಎಂಬುದು ಅಲ್ಲಿನವರ ಮಾತು. ಈಗ ಹೇಳಿ, ಎಲೆಯ ಮೇಲೆ ಬಡಿಸಿದಾಗ ಮೆಲ್ಲಗೆ ಹರಡಿ ನಿಲ್ಲುವ ನಮ್ಮ ಅನ್ನ ಯಾವುದು? ಬಿಸಿಬೇಳೆಭಾತು! ಎರಡೂ ಆರಿದರೆ ಗಟ್ಟಿಯಾಗುತ್ತವೆ, ಎರಡಕ್ಕೂ ಉಣ್ಣುವವರು ಕಾಯಬೇಕೇ ಹೊರತು ಅವು ಕಾಯುವುದಿಲ್ಲ. ಇನ್ನೊಂದು ತಮಾಷೆ ಕೇಳಿ. ವೆನಿಸ್ಸಿನಲ್ಲಿ ಏಪ್ರಿಲ್ 25ರ ಸಂತ ಮಾರ್ಕನ ಹಬ್ಬಕ್ಕೆ ಮಾಡುವ ಅನ್ನದ ಹೆಸರು 'ರಿಸಿ ಎ ಬಿಸಿ'. ಅವರ 'ಬಿಸಿ' ಎಂದರೆ ಹಸಿ ಬಟಾಣಿ. ಅಕ್ಕಿ ಬೆಳೆಯುವ ವೆರ್ಚೆಲ್ಲಿಯಲ್ಲಂತೂ ಅಕ್ಕಿ, ಹುರುಳಿಕಾಳಿನ ಬಳಗದ ಬೀನ್ಸ್ ಕಾಳು ಸೇರಿಸಿ ಬೇಯಿಸುವ 'ಪನಿಸ್ಸಾ' ಇದೆ. ಮಾಂಸ ಬಿಟ್ಟರೆ ಅದು ಬಿಸಿಬೇಳೆಯ ದೂರದ ದಾಯಾದಿಯೇ ಸರಿ.

ನಮ್ಮ ಬಿಸಿಬೇಳೆಭಾತೂ ಪೂರ್ತಿ ಒಂದೇ ಊರಿನದಲ್ಲ. 'ಭಾತ್' ಎಂಬ ಮಾತು ಮರಾಠಿಯ ಕಡೆಯದು. ಅದರ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕ ಖಂಡದಿಂದ ಬಂದದ್ದು. ಈ ಊರಿನ ಹೋಟೆಲುಗಳಲ್ಲಿ ಕನ್ನಡದ ರುಚಿಗೆ ಜಾಗ ಮಾಡಿಕೊಟ್ಟವರಾದರೂ ಯಾರು? 1930ರ ದಶಕದಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೆ. ಕೃಷ್ಣರಾಯರಂಥ ಉಡುಪಿ ಸೀಮೆಯ ವಲಸಿಗರು. ಅವರ ಕತೀಡ್ರಲ್ ರಸ್ತೆಯ ಡ್ರೈವ್-ಇನ್ 1962ರಿಂದ 2008ರವರೆಗೆ ನಡೆಯಿತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಉದ್ಯಾನವಿದೆ. ಹೋಟೆಲು ಹೋದರೂ ರುಚಿ ಹೋಗಲಿಲ್ಲ. ಇಂದು ಬಿಸಿಬೇಳೆಭಾತನ್ನು ಚೆನ್ನೈನವರು ತಮ್ಮದೇ ತಿಂಡಿಯಂತೆ ತರಿಸಿಕೊಂಡು ತಿನ್ನುತ್ತಾರೆ.

ನಿಮ್ಮ ಮನೆಯಲ್ಲೇ ಮಾಡಿ ನೋಡಿ

ನಾಲ್ಕು ಜನಕ್ಕೆ 300 ಗ್ರಾಂ ಅಕ್ಕಿ ಸಾಕು. ದುಬಾರಿ ಅಕ್ಕಿಯೇ ಆಗಬೇಕೆಂದಿಲ್ಲ. ನಿಮ್ಮ ಅಂಗಡಿಯವರು ಪೊಂಗಲ್‌ಗೆಂದು ಕೊಡುವ ಹೊಸ ಪಚ್ಚರಿಸಿ ಕೇಳಿ. ಪುಳುಂಗಲರಿಸಿ, ಅಂದರೆ ಕುಚ್ಚಲಕ್ಕಿ ಬೇಡ. ಅದು ಮೊದಲೇ ಬೆಂದು ಒಣಗಿದ್ದರಿಂದ ಕೆನೆ ಬಿಡುವುದಿಲ್ಲ. ತರಕಾರಿ ಬೇಯಿಸಿ ಸೋಸಿದ ಸಾರು ಒಂದೂಕಾಲು ಲೀಟರಿನಷ್ಟು ಪಕ್ಕದ ಒಲೆಯಲ್ಲಿ ಕುದಿಯುತ್ತಿರಲಿ. ಬೆಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿ ಬಾಡಿಸಿ, ತೊಳೆಯದ, ಕಲ್ಲು ಆರಿಸಿದ ಅಕ್ಕಿ ಹಾಕಿ ಎರಡು ನಿಮಿಷ ಹುರಿಯಿರಿ. ಅವರು ಇಲ್ಲಿ ವೈನ್ ಹಾಕುತ್ತಾರೆ, ನೀವು ಕೊನೆಯಲ್ಲಿ ನಾಲ್ಕು ಹನಿ ನಿಂಬೆರಸ ಹಿಂಡಿದರಾಯಿತು. ಸಾರನ್ನು ಒಂದೊಂದೇ ಸೌಟು ಹಾಕಿ, ಹೀರಿಕೊಂಡ ಮೇಲೆ ಇನ್ನೊಂದು ಸೌಟು ಹಾಕುತ್ತಾ, ನಡುನಡುವೆ ಕೈಯಾಡಿಸಿ. ಹದಿನೈದು ನಿಮಿಷವಾದ ಮೇಲೆ ಒಂದಗುಳು ಹಿಚುಕಿ ನೋಡಿ. ಒಲೆ ಆರಿಸಿ, ಬೆಣ್ಣೆ, ತುರಿದ ಚೀಸ್ ಸೇರಿಸಿ ಜೋರಾಗಿ ಕಲಸಿ, ತಕ್ಷಣ ಬಡಿಸಿ. ಸಸ್ಯಾಹಾರಿಗಳು ಒಂದು ಮಾತು ನೆನಪಿಡಿ: ಇಟಲಿಯ ಅಸಲಿ ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ಹಸಿರು ಗುರುತಿನ ಚೀಸ್ ನೋಡಿ ಕೊಳ್ಳಿ.

ಅಜ್ಜಿಗೂ ಒಂದು ತಟ್ಟೆ ಬಡಿಸಿ, ಇದು ಹೊರಗಿನಿಂದ ಬಂದು ಐನೂರು ವರ್ಷದಲ್ಲಿ ಆ ನೆಲದ್ದೇ ಆದ ಅನ್ನ ಎಂದು ಹೇಳಿ. ಮರುದಿನ ಅಜ್ಜಿಯ ಕೈಯ ಬಿಸಿಬೇಳೆಭಾತನ್ನು ಮಕ್ಕಳಿಗೂ, ಎದುರುಮನೆಯ ತಮಿಳು ಗೆಳೆಯರಿಗೂ ಬಡಿಸಿ. ಯಾವ ಅನ್ನವೂ ಒಂದು ನೆಲದ್ದಾಗಿ ಹುಟ್ಟುವುದಿಲ್ಲ. ಅಲ್ಲಿ ದುಡಿದವರ, ಬೇಯಿಸಿದವರ, ಹಂಚಿ ಉಂಡವರ ಕೈಯಿಂದ ಆ ನೆಲದ್ದಾಗುತ್ತದೆ. ಮನುಷ್ಯರ ಮಾತೂ ಅಷ್ಟೇ ತಾನೇ?

ಮಾಡಿ ನೋಡಿ, ಹೇಗಾಯಿತೆಂದು ನಮಗೂ ತಿಳಿಸಿ.